ಕಾಫಿಯಲ್ಲ, ಕವಡೆ

ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸುವುದು ಫ್ಲೀಮಿಂಗ್ ಜೆಂಕಿನ್‌ನ ಕಸುಬು. 1867ರ ಜೂನ್‌ನಲ್ಲಿ ಈ ಬ್ರಿಟಿಷ್ ಎಂಜಿನಿಯರ್ 'ನಾರ್ತ್ ಬ್ರಿಟಿಷ್ ರಿವ್ಯೂ' ಪತ್ರಿಕೆಯಲ್ಲಿ ಡಾರ್ವಿನ್ನನ ವಿಕಾಸವಾದದ ಪುಸ್ತಕವನ್ನು ವಿಮರ್ಶಿಸುತ್ತ ಒಂದು ದ್ವೀಪದ ಕಥೆ ಕಟ್ಟಿದ. ಹಡಗು ಒಡೆದು ಬಿಳಿಯನೊಬ್ಬ ಕರಿಯರೇ ಇರುವ ದ್ವೀಪಕ್ಕೆ ಬಂದು ಬೀಳುತ್ತಾನೆ. ಅವನು ಅಲ್ಲಿ ರಾಜನೇ ಆದ, ಹಲವು ಹೆಂಡಿರನ್ನು ಕಟ್ಟಿಕೊಂಡ, ಮಕ್ಕಳು ಮೊಮ್ಮಕ್ಕಳು ಸಾಲುಸಾಲಾಗಿ ಹುಟ್ಟಿದರು ಅಂತಲೇ ಇಟ್ಟುಕೊಳ್ಳಿ ಎಂದ ಜೆಂಕಿನ್. (ಬಿಳಿಯನಾದವನು ಎಲ್ಲಿ ಬಿದ್ದರೂ ರಾಜನಾಗಿಯೇ ಏಳುತ್ತಾನೆ ಎಂಬುದರಲ್ಲಿ ಅವನಿಗೆ ಅನುಮಾನ ಇದ್ದಂತಿಲ್ಲ.) ಇಷ್ಟಾದರೂ ದ್ವೀಪ ಬೆಳ್ಳಗಾಗುವುದಿಲ್ಲ. ಮಕ್ಕಳಲ್ಲಿ ಅವನ ಗುಣ ಅರ್ಧ, ಮೊಮ್ಮಕ್ಕಳಲ್ಲಿ ಕಾಲು, ಮರಿಮಕ್ಕಳಲ್ಲಿ ಅರೆಕಾಲು. ಇನ್ನು ನಾಲ್ಕು ತಲೆಮಾರು ಕಳೆದರೆ ಕುರುಹೂ ಉಳಿಯದು. ಹೀಗಿರುವಾಗ ಒಂದು ಜೀವಿಯಲ್ಲಿ ಅಕಸ್ಮಾತ್ ಹುಟ್ಟಿದ ಹೊಸ ಗುಣ ಉಳಿದು ಬೆಳೆಯುವುದೆಂತು, ವಿಕಾಸ ನಡೆಯುವುದೆಂತು?

ಪೆಟ್ಟು ಡಾರ್ವಿನ್ನನಿಗೆ ತಾಕಿತು. 1869ರಲ್ಲಿ ಬಂದ ಆ ಪುಸ್ತಕದ ಐದನೆಯ ಆವೃತ್ತಿಯಲ್ಲಿ ಅವನು ಇದಕ್ಕೆ ಸಮಾಧಾನ ಹೇಳಲು ಹೆಣಗಿದ್ದು ಕಾಣುತ್ತದೆ.

ಜೆಂಕಿನ್‌ನ ಲೆಕ್ಕದ ಹಿಂದೆ ಇದ್ದದ್ದು ಆ ಕಾಲದ ಬಹುಮಂದಿ ಒಪ್ಪಿಕೊಂಡಿದ್ದ ನಂಬಿಕೆ. ಗಟ್ಟಿ ಡಿಕಾಕ್ಷನ್‌ಗೆ ಹಾಲು ಸುರಿದಂತೆ ಅಪ್ಪನ ಗುಣವೂ ಅಮ್ಮನ ಗುಣವೂ ಮಗುವಿನಲ್ಲಿ ಬೆರೆತುಹೋಗುತ್ತವೆ ಎಂಬುದು ಆ ನಂಬಿಕೆ. ಬೆರೆತ ಕಾಫಿಯಿಂದ ಹಾಲನ್ನು ಬೇರೆ, ಡಿಕಾಕ್ಷನ್ನನ್ನು ಬೇರೆ ತೆಗೆಯುವುದುಂಟೆ? ಎರಡು ಲೋಟದ ಕಾಫಿ ಸೇರಿಸಿದರೆ ಆಗುವುದು ಮತ್ತೊಂದು ಲೋಟ ಕಾಫಿಯೇ. ಈ ಲೆಕ್ಕದಲ್ಲಿ ಕಂದು ಮೈಯ ಅಪ್ಪ-ಅಮ್ಮನಿಗೆ ಕಂದು ಮೈಯ ಮಕ್ಕಳೇ ಹುಟ್ಟಬೇಕು. ಕಾಲ ಕಳೆದಂತೆ ಊರಿಗೆ ಊರೇ ಒಂದೇ ಬಣ್ಣಕ್ಕೆ ಬಂದು ನಿಲ್ಲಬೇಕು.

ಹಾಗಾಗುವುದಿಲ್ಲ ಎನ್ನಲು ಪ್ರಯೋಗಾಲಯವೇನೂ ಬೇಕಿಲ್ಲ. ಅಕ್ಕ ಎಣ್ಣೆಗೆಂಪು, ತಮ್ಮ ಕಪ್ಪು, ಕೊನೆಯವಳು ಬೆಳ್ಳಗೆ ಇರುವ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ. ಕೊನೆಯವಳು ಯಾರ ಹಾಗೆ ಎಂದು ಕೇಳಿದರೆ ಮನೆಯ ಹಿರಿಯರು ಅಪ್ಪ-ಅಮ್ಮನನ್ನು ದಾಟಿ ಮುತ್ತಜ್ಜಿಯ ಹೆಸರು ಎತ್ತುತ್ತಾರೆ. ನಡುವೆ ಎರಡು ತಲೆಮಾರು ಅಡಗಿದ್ದ ಗುಣ ತಿರುಗಿ ಎದ್ದು ಬರುವುದಕ್ಕೆ ಕಾಫಿ ಲೆಕ್ಕದಲ್ಲಿ ಉತ್ತರವಿಲ್ಲ.

ಜೆಂಕಿನ್ ಬರೆಯುವ ಹಿಂದಿನ ವರ್ಷವೇ ಆ ಉತ್ತರ ಅಚ್ಚಾಗಿತ್ತು. ಬ್ರನೊ ಪಟ್ಟಣದ ಮಠವಾಸಿ ಗ್ರೆಗರ್ ಮೆಂಡೆಲ್ ಒಂದು ಬಟಾಣಿ ಗಿಡದ ಪರಾಗವನ್ನು ಇನ್ನೊಂದಕ್ಕೆ ಸೋಕಿಸಿ ನೋಡಿದ್ದ. ನುಣುಪು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಹುಟ್ಟಿದವೆಲ್ಲ ನುಣುಪು. ಆದರೆ ಅವುಗಳ ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಸುಕ್ಕು ಕಾಳು ಹಾಗೇ ಹಿಂದಿರುಗಿತು, ಒಂದಿಷ್ಟೂ ತೆಳುವಾಗದೆ. ಅಂದರೆ ಗುಣಗಳು ದ್ರವದಂತೆ ಬೆರೆಯುವುದಿಲ್ಲ, ಕಾಳಿನಂತೆ ಬಿಡಿಬಿಡಿಯಾಗಿ ದಾಟುತ್ತವೆ. ಆ ಪ್ರಬಂಧಕ್ಕೆ ಜಗತ್ತು ಕಣ್ಣು ತೆರೆದದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್, ಡಾರ್ವಿನ್, ಜೆಂಕಿನ್ ಮೂವರೂ ತೀರಿಕೊಂಡಿದ್ದರು.

*

ಬಟಾಣಿಯ ಮಾತು ಮನುಷ್ಯನ ಮೈಬಣ್ಣಕ್ಕೂ ಸಲ್ಲುತ್ತದೆಯೇ? ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್ ಇದನ್ನು ಅಳೆಯಲು ಹಿಡಿದ ಉಪಕರಣ ಒಂದು ಬುಗುರಿ. ಆಟಿಕೆ ತಯಾರಿಸುವ ಮಿಲ್ಟನ್ ಬ್ರಾಡ್ಲಿ ಕಂಪನಿಯದು. ಅದರ ತಲೆಯ ಮೇಲೆ ಕಪ್ಪು, ಬಿಳಿ, ಕೆಂಪು, ಹಳದಿ ಕಾಗದದ ಬಿಲ್ಲೆಗಳು. ಒಂದರೊಳಗೊಂದು ಸೇರಿಸಿ ಯಾವ ಬಣ್ಣ ಎಷ್ಟು ಕಾಣಬೇಕೋ ಅಷ್ಟೇ ಕಾಣುವಂತೆ ಹೊಂದಿಸಿ ತಿರುಗಿಸಿದರೆ ನಾಲ್ಕೂ ಕಲೆತು ಒಂದೇ ಬಣ್ಣವಾಗಿ ಕಾಣುತ್ತವೆ. ಬುಗುರಿಯನ್ನು ತೋಳಿನ ಪಕ್ಕದಲ್ಲಿ ಆಡಿಸಬೇಕು, ಬಣ್ಣ ಹೊಂದದಿದ್ದರೆ ನಿಲ್ಲಿಸಿ ಬಿಲ್ಲೆ ಸರಿಸಬೇಕು, ಮತ್ತೆ ಆಡಿಸಬೇಕು. ಹೊಂದಿದಾಗ ಕಪ್ಪು ಬಿಲ್ಲೆ ಶೇಕಡಾ ಎಷ್ಟು ಕಾಣುತ್ತಿತ್ತೋ ಅದೇ ಆ ಮನುಷ್ಯನ ಅಂಕಿ. ಜಮೈಕಾ, ಬರ್ಮುಡಾಗಳ ಮನೆಮನೆಯಲ್ಲಿ ಈ ಅಂಕಿಗಳನ್ನು ಹೆಚ್ಚಾಗಿ ಬರೆದುಕೊಂಡವಳು ಕ್ಷೇತ್ರಕಾರ್ಯಕರ್ತೆ ಫ್ಲಾರೆನ್ಸ್ ಡ್ಯಾನಿಯಲ್ಸನ್. 1913ರಲ್ಲಿ ವರದಿ ಬಂತು. ಮೈ ಕಪ್ಪಾಗಲು ಎರಡು ಜೊತೆ ಜೀನುಗಳು ಸಾಕು ಎಂದ ಡೇವನ್‌ಪೋರ್ಟ್.

ಎರಡು ಜೊತೆ ಎಂದರೆ ನಾಲ್ಕು. ಚೌಕಾಬಾರ ಆಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ ಚೆಲ್ಲಿದರೆ ಎರಡು ಅಂಗಾತ, ಎರಡು ಬೋರಲು ಬೀಳುವುದೇ ಹೆಚ್ಚು. ನಾಲ್ಕೂ ಅಂಗಾತ ಬಿದ್ದು 'ಚೌಕ' ಆಗುವುದು ಅಪರೂಪ. ನಾಲ್ಕೂ ಬೋರಲಾಗಿ ಎಂಟು ಸಿಗುವುದೂ ಅಷ್ಟೇ ಅಪರೂಪ. ಪ್ರತಿ ಕವಡೆಯೂ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಎಸೆತಗಳಲ್ಲಿ ಸರಾಸರಿ ಒಮ್ಮೆ ನಾಲ್ಕು, ಒಮ್ಮೆ ಎಂಟು, ಆರು ಸಲ ಎರಡು. ಡೇವನ್‌ಪೋರ್ಟನ ಲೆಕ್ಕವೂ ಇದೇ. ಅಂಗಾತ ಕವಡೆಯನ್ನು ಮೈ ಕಪ್ಪಾಗಿಸುವ ಜೀನ್ ಎಂದುಕೊಂಡರಾಯಿತು.

ಈಗ ಒಂದು ಕುಟುಂಬ ನೋಡಿ. ಅಜ್ಜ ಪಶ್ಚಿಮ ಆಫ್ರಿಕಾದವನು, ನಾಲ್ಕೂ ಅಂಗಾತ. ಅಜ್ಜಿ ಇಂಗ್ಲೆಂಡಿನವಳು, ನಾಲ್ಕೂ ಬೋರಲು. ಪ್ರತಿ ಜೊತೆಯಿಂದ ಒಂದೊಂದನ್ನು ಮಾತ್ರ ಮಗುವಿಗೆ ದಾಟಿಸಬಹುದು. ಹಾಗಾಗಿ ಅವರಿಗೆ ಎಷ್ಟೇ ಮಕ್ಕಳಾದರೂ ಎಲ್ಲರಿಗೂ ಎರಡು ಅಂಗಾತ, ಎರಡು ಬೋರಲು. ಮೊದಲ ತಲೆಮಾರಿನ ಮಕ್ಕಳು ಅಪ್ಪ-ಅಮ್ಮನ ನಡುವಿನ ಬಣ್ಣದಲ್ಲಿ ಸುಮಾರು ಒಂದೇ ರೀತಿ ಇರುತ್ತಾರೆ. ಜೆಂಕಿನ್ ನೋಡಿದ್ದರೆ 'ಕಾಫಿ' ಎಂದೇ ಹೇಳುತ್ತಿದ್ದ. ಆಟ ಶುರುವಾಗುವುದು ಎರಡನೆಯ ತಲೆಮಾರಿನಲ್ಲಿ. ಇಂಥ ಇಬ್ಬರು ನಡುಬಣ್ಣದವರು ಮದುವೆಯಾದರೆ ಅವರ ಪ್ರತಿ ಮಗುವೂ ಹೊಸದಾಗಿ ಚೆಲ್ಲಿದ ನಾಲ್ಕು ಕವಡೆ. ಕೆಲವರು ಅಪ್ಪ-ಅಮ್ಮನದೇ ಬಣ್ಣ, ಸುಮಾರು ಅರ್ಧ ಮಂದಿ ಒಂದು ಮೆಟ್ಟಿಲು ಆಚೆ ಈಚೆ, ಎಲ್ಲೋ ಒಬ್ಬರು ಅಜ್ಜನಷ್ಟು ಕಪ್ಪು ಇಲ್ಲವೆ ಅಜ್ಜಿಯಷ್ಟು ಬಿಳಿ.

'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ 2018ರ ಏಪ್ರಿಲ್ ಸಂಚಿಕೆಯ ಮುಖಪುಟದಲ್ಲಿ ಹನ್ನೊಂದು ವರ್ಷದ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳದು ತಿಳಿ ಮೈಬಣ್ಣ, ತಿಳಿಗೂದಲು. ಇನ್ನೊಬ್ಬಳದು ಕಂದು ಮೈ, ಕಪ್ಪು ಕೂದಲು. ಇಬ್ಬರೂ ಅವಳಿ. ತಾಯಿ ಬಿಳಿಯ ಇಂಗ್ಲಿಷ್ ಮಹಿಳೆ, ತಂದೆ ಜಮೈಕಾ ಮೂಲದವರು. ಮೊದಲ ತಲೆಮಾರಿನ ಮಕ್ಕಳು ಒಂದೇ ಥರ ಇರಬೇಕಲ್ಲವೆ ಎಂದು ಕೇಳಬಹುದು. ಆದರೆ ಜಮೈಕಾದಲ್ಲಿ ಆಫ್ರಿಕಾ ಮತ್ತು ಯೂರೋಪಿನ ರಕ್ತ ಕೂಡಿ ಶತಮಾನಗಳೇ ಆಗಿವೆ. ಅಲ್ಲಿನ ಮೂಲದವನ ಬಳಿ ಅಂಗಾತ, ಬೋರಲು ಎರಡೂ ಬಗೆಯ ಕವಡೆ ಇರುವುದು ಸಾಮಾನ್ಯ. ಹುಡುಗಿಯರು ಎರಡು ಬೇರೆ ಅಂಡಾಣುಗಳಿಂದ ಬೆಳೆದ ಅವಳಿಗಳು. ವಂಶವಾಹಿಗಳ ಮಟ್ಟಿಗೆ ಬೇರೆ ಬೇರೆ ವರ್ಷ ಹುಟ್ಟಿದ ಅಕ್ಕತಂಗಿಯರಿಗೂ ಅವರಿಗೂ ವ್ಯತ್ಯಾಸವಿಲ್ಲ.

ಒಡಹುಟ್ಟಿದವರು ತಮ್ಮ ವಂಶವಾಹಿಗಳಲ್ಲಿ ಅರ್ಧವನ್ನು ಹಂಚಿಕೊಳ್ಳುತ್ತಾರೆ ಎನ್ನುವುದೂ ಸರಾಸರಿಯ ಮಾತು. ಆಸ್ಟ್ರೇಲಿಯಾದ ಪೀಟರ್ ವಿಷರ್ ಮತ್ತು ಸಂಗಡಿಗರು ಸಾವಿರಾರು ಸಹೋದರ ಜೋಡಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಈ ಪಾಲು ಶೇ. 37ರಿಂದ 62ರವರೆಗೆ ಓಲಾಡಿತ್ತು. ಅಜ್ಜ-ಅಜ್ಜಿ ಬೇರೆ ಬೇರೆ ಖಂಡದವರಾದಾಗ ಈ ಏರುಪೇರು ಕನ್ನಡಿಯಲ್ಲಿ ಕಣ್ಣಿಗೇ ಕಾಣುತ್ತದೆ.

*

ಬುಗುರಿಯ ಡೇವನ್‌ಪೋರ್ಟ್ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಅಮೆರಿಕದ ಯೂಜೆನಿಕ್ಸ್ ಚಳವಳಿಯ ಮುಂದಾಳು. ಉತ್ತಮ ಮನುಷ್ಯ ತಳಿಯನ್ನು ಆರಿಸಿ ಬೆಳೆಸಬೇಕು ಎಂಬುದು ಆ ಚಳವಳಿಯ ಹಟ. 1929ರಲ್ಲಿ ಮಾರಿಸ್ ಸ್ಟೆಗರ್ಡಾ ಜೊತೆ ಬರೆದ ಜಮೈಕಾದ ಇನ್ನೊಂದು ಪುಸ್ತಕದಲ್ಲಿ, ಕೆಲವು ಮಿಶ್ರ ಮೂಲದವರಿಗೆ ಕರಿಯರ ಉದ್ದ ಕಾಲೂ ಬಿಳಿಯರ ಗಿಡ್ಡ ತೋಳೂ ಸೇರಿ ನೆಲದ ಮೇಲಿನ ವಸ್ತು ಎತ್ತಲು ಕಷ್ಟವಾಗುತ್ತದೆ ಎಂಬ ವಾದ ಹೂಡಿದ. ಹಾರ್ವರ್ಡ್‌ನ ತಳಿವಿಜ್ಞಾನಿ ವಿಲಿಯಂ ಕ್ಯಾಸಲ್ ಮರುವರ್ಷವೇ ಅದೇ ಪುಸ್ತಕದ ಅಳತೆಗಳನ್ನು ತೆಗೆದು ತೋರಿಸಿದ. ಆ ವ್ಯತ್ಯಾಸ ತೀರಾ ಅತ್ಯಲ್ಪ. ಅದರಿಂದ ಯಾರಿಗೂ ಬಗ್ಗುವ ಕಷ್ಟ ಬಂದಿರಲಿಲ್ಲ.

ಕ್ಯಾಸಲ್‌ನಂಥವರ ಮಾತು ಎಲ್ಲೆಡೆ ಕೇಳಿಸಲಿಲ್ಲ. ಇಂದಿನ ನಮೀಬಿಯಾದ ರೆಹೋಬೋತ್‌ನಲ್ಲಿ ನೆಲೆಸಿದ್ದ, ಡಚ್ಚರಿಗೂ ಆಫ್ರಿಕಾದ ಖೋಯ್ ಜನರಿಗೂ ಹುಟ್ಟಿದ ಸಮುದಾಯವೊಂದರ ಕೂದಲು, ಕಣ್ಣು, ಮೂಗುಗಳನ್ನು ಜರ್ಮನಿಯ ಓಯ್ಗನ್ ಫಿಷರ್ 1908ರಲ್ಲಿ ಅಳೆದು ಬಂದಿದ್ದ. ಮುಂದೆ ಬರ್ಲಿನ್ನಿನ ಮಾನವಶಾಸ್ತ್ರ ಸಂಸ್ಥೆಯೊಂದರ ಮುಖ್ಯಸ್ಥನಾದ. 1937ರಲ್ಲಿ ನಾಜಿ ಸರಕಾರ ರೈನ್‌ಲ್ಯಾಂಡಿನ ನೂರಾರು ಮಕ್ಕಳನ್ನು ಗುಟ್ಟಾಗಿ ಹಿಡಿಸಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿತು. ಜರ್ಮನ್ ತಾಯಂದಿರಿಗೆ, ಫ್ರೆಂಚ್ ಸೇನೆಯಲ್ಲಿದ್ದ ಆಫ್ರಿಕಾದ ಸೈನಿಕರಿಂದ ಹುಟ್ಟಿದ್ದೇ ಆ ಮಕ್ಕಳ ಅಪರಾಧ. ಅವರನ್ನು ಪರೀಕ್ಷಿಸಿ ಅಭಿಪ್ರಾಯ ಬರೆದುಕೊಟ್ಟವರಲ್ಲಿ ಫಿಷರನ ಸಂಸ್ಥೆಯವರೂ ಇದ್ದರು.

*

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬುಗುರಿಯ ಜಾಗಕ್ಕೆ ಚರ್ಮದಿಂದ ಮರಳುವ ಬೆಳಕನ್ನು ಅಳೆಯುವ ಯಂತ್ರ ಬಂತು. ಬಂದರು ನಗರ ಲಿವರ್‌ಪೂಲ್‌ನಲ್ಲಿ ಪಶ್ಚಿಮ ಆಫ್ರಿಕಾದವರೂ ಇಂಗ್ಲಿಷರೂ ಕೂಡಿದ ಸಂಸಾರಗಳು ಸಾಕಷ್ಟಿದ್ದವು. ಹ್ಯಾರಿಸನ್ ಮತ್ತು ಓವನ್ ಎಂಬ ಇಬ್ಬರು ಅಲ್ಲಿ ಅಳತೆ ಮಾಡಿ 1964ರಲ್ಲಿ, ಎರಡು ಜೊತೆ ಸಾಲದು, ಮೂರು ನಾಲ್ಕಾದರೂ ಬೇಕು ಎಂದರು. ಕವಡೆ ನಾಲ್ಕರಿಂದ ಎಂಟಾದರೆ ಎಲ್ಲವೂ ಅಂಗಾತ ಬೀಳುವ ಅವಕಾಶ 256ರಲ್ಲಿ ಒಂದಕ್ಕೆ ಇಳಿಯುತ್ತದೆ. ಮೊಮ್ಮಗು ಪೂರ್ತಿ ಅಜ್ಜನ ಬಣ್ಣಕ್ಕೆ ಮರಳುವುದು ಏಕೆ ಅಪರೂಪ ಎಂಬುದು ಇಲ್ಲಿ ತಿಳಿಯುತ್ತದೆ.

ಆ ಕವಡೆಗಳಲ್ಲಿ ಒಂದಕ್ಕೆ ಹೆಸರು ಸಿಕ್ಕಿದ್ದು ಮೀನಿನ ತೊಟ್ಟಿಯಲ್ಲಿ. ಗಂಗಾ ಬಯಲಿನ ಹಳ್ಳಕೊಳ್ಳಗಳಲ್ಲಿ ಆಡುವ ಜೀಬ್ರಾಮೀನಿಗೆ ಮೈಮೇಲೆ ಕಡುಪಟ್ಟೆಗಳಿರುತ್ತವೆ. 'ಗೋಲ್ಡನ್' ಎಂಬ ಒಂದು ತಳಿಯಲ್ಲಿ ಮಾತ್ರ ಆ ಪಟ್ಟೆಗಳು ಮಸುಕು. ಅಮೆರಿಕದ ಪೆನ್ಸಿಲ್ವೇನಿಯಾದ ಕೀತ್ ಚೆಂಗ್ ಮತ್ತು ತಂಡ ಈ ಮೀನಿನಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆಮಾಡಿತು. ಅದರ ಹೆಸರು ಎಸ್‌ಎಲ್‌ಸಿ24ಎ5. ಮನುಷ್ಯನಲ್ಲೂ ಇರುವ ಅದೇ ಜೀನಿನ ಸಂದೇಶವನ್ನು ಗೋಲ್ಡನ್ ಮೀನಿನ ಭ್ರೂಣಕ್ಕೆ ಚುಚ್ಚಿದಾಗ ಬಣ್ಣದ ಕೋಶಗಳು ಮತ್ತೆ ಕಡುಗಪ್ಪಾದವು. 2005ರ ಕೊನೆಯಲ್ಲಿ ಪ್ರಕಟವಾದ ಈ ಸಂಶೋಧನೆಯ ಪ್ರಕಾರ ಯೂರೋಪಿನವರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲು. ಅದರಿಂದ ಪ್ರೋಟೀನಿನ 111ನೆಯ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಥ್ರಿಯೋನಿನ್ ಬರುತ್ತದೆ. ಯೂರೋಪ್ ಮತ್ತು ಆಫ್ರಿಕಾ ಮೂಲದವರ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ವ್ಯತ್ಯಾಸದಲ್ಲಿ ಶೇ. 25ರಿಂದ 38 ಭಾಗ ಇದೊಂದರ ಕೆಲಸ ಎಂದು ಅವರು ಅಂದಾಜು ಮಾಡಿದರು. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ತುಂಬಿ ಕಳಿಸುವ ಮೆಲನಿನ್ ಚೀಲಗಳ ಗಾತ್ರ, ಎಣಿಕೆ, ಗಾಢತೆಯಲ್ಲಿ ಮಾತ್ರ ಭೇದ.

ಅಂದರೆ ಕವಡೆಗಳೆಲ್ಲ ಒಂದೇ ತೂಕದವಲ್ಲ. ಎರಡು ಮೂರು ದೊಡ್ಡವು, ಸುತ್ತ ಬೆರಳಿಗೆ ಸಿಗದಷ್ಟು ಸಣ್ಣವು ನೂರಾರು.

*

ಜೆಂಕಿನ್ ಕಲ್ಪಿಸಿದ ದ್ವೀಪ ನಿಜವಾಗಿ ಇದ್ದರೆ? ಅಟ್ಲಾಂಟಿಕ್‌ನಲ್ಲಿ, ಸೆನೆಗಲ್ ಕರಾವಳಿಯಿಂದ ಪಶ್ಚಿಮಕ್ಕೆ, ಕೇಪ್ ವರ್ಡೆ ಎಂಬ ಹತ್ತು ದ್ವೀಪಗಳ ದೇಶವಿದೆ. 1460ರ ದಶಕದಲ್ಲಿ ಪೋರ್ಚುಗೀಸರು ಬಂದಾಗ ಅಲ್ಲಿ ಮನುಷ್ಯರೇ ಇರಲಿಲ್ಲ. ಬಂದವರು ಪಶ್ಚಿಮ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ತಂದರು. ಇಂದಿನ ಜನ ಈ ಎರಡೂ ಕಡೆಯವರ ಸಂತತಿ. ಸುಮಾರು ಇಪ್ಪತ್ತು ತಲೆಮಾರು ಕೂಡಿ ಬಾಳಿದ ಮೇಲೆ, ಜೆಂಕಿನ್ ಲೆಕ್ಕದಂತೆ, ಅಲ್ಲಿ ಒಂದೇ ಹದದ ಕಾಫಿ ಉಳಿದಿರಬೇಕು.

ಸಾಂಡ್ರಾ ಬೆಲೆಜಾ ಮತ್ತು ಸಂಗಡಿಗರು ಅಲ್ಲಿನ 699 ಮಂದಿಯ ಚರ್ಮದ ಬಣ್ಣವನ್ನೂ ಕಣ್ಣಿನ ಬಣ್ಣವನ್ನೂ ಅಳೆದು, ಡಿಎನ್‌ಎ ಜೊತೆ ತಾಳೆ ನೋಡಿ 2013ರಲ್ಲಿ ಪ್ರಕಟಿಸಿದರು. ಹದ ಒಂದಾಗಿರಲಿಲ್ಲ. ಬಹು ಕಪ್ಪಿನಿಂದ ಬಹು ತಿಳಿಯವರೆಗೆ ಎಲ್ಲ ಮೆಟ್ಟಿಲುಗಳಲ್ಲೂ ಜನರಿದ್ದರು. ಚರ್ಮದ ಬಣ್ಣಕ್ಕೆ ನಾಲ್ಕು ಪ್ರಮುಖ ಜೀನ್ ತಾಣಗಳು ಸಿಕ್ಕವು. ಮೀನಿನ ಜೀನ್ ಅವುಗಳಲ್ಲಿ ಒಂದು. ನಾಲ್ಕೂ ಸೇರಿದರೂ ಒಟ್ಟು ವೈವಿಧ್ಯದಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ವಿವರಿಸಿದವು. ಉಳಿದುದರಲ್ಲಿ ದೊಡ್ಡ ಪಾಲು ಹೆಸರು ಸಿಗದ ಸಣ್ಣ ಕವಡೆಗಳದು.

ಈ ದ್ವೀಪಗಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಇನ್ನೊಂದು ಸಂಗತಿ. ಕಂದು ಮುಖದಲ್ಲಿ ಹಸಿರು ಕಣ್ಣು, ಕೆಲವೊಮ್ಮೆ ನೀಲಿ. ಕಣ್ಣಿನ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವ ಗುಂಡಿ ಎಚ್‌ಇಆರ್‌ಸಿ2 ಎಂಬ ಜೀನಿನೊಳಗಿದೆ. ಪಕ್ಕದ ಒಸಿಎ2 ಜೀನನ್ನು ಅದು ಹಚ್ಚುತ್ತದೆ ಅಥವಾ ಮಂಕಾಗಿಸುತ್ತದೆ. ಚರ್ಮದ ಎಸ್‌ಎಲ್‌ಸಿ24ಎ5 ಕೂಡ ಇದೇ 15ನೆಯ ವರ್ಣತಂತುವಿನಲ್ಲಿದೆ, ಆದರೆ ಎರಡು ಕೋಟಿ ಅಕ್ಷರಗಳಷ್ಟು ದೂರದಲ್ಲಿ. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ಜೋಡಿಯೊಂದಿಗೆ ತುಂಡು ಬದಲಾಯಿಸಿಕೊಳ್ಳುತ್ತವೆ. ಪೋರ್ಚುಗಲ್‌ನಿಂದ ಒಟ್ಟಿಗೆ ಹಡಗು ಹತ್ತಿದ್ದ ತಿಳಿ ಚರ್ಮ ಮತ್ತು ತಿಳಿ ಕಣ್ಣಿನ ಜೀನುಗಳು ಕೆಲವೇ ತಲೆಮಾರುಗಳಲ್ಲಿ ಬೇರೆ ಬೇರೆ ದಾರಿ ಹಿಡಿಯಲು ಅಷ್ಟು ದೂರ ಸಾಕು. ಆ ನೀಲಿ ತೆಳುವಾಗಿಲ್ಲ, ಅಡಗಿತ್ತು ಅಷ್ಟೆ. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಅದೇ ಪ್ರತಿ ಬಂದ ಮಗುವಿನಲ್ಲಿ ಐನೂರು ವರ್ಷದ ಹಿಂದಿನ ನಾವಿಕನ ಕಣ್ಣು ಹಾಗೇ ತೆರೆದುಕೊಳ್ಳಬಹುದು.

ಹಾಗೆಂದು ತಿಳಿ ಬಣ್ಣ ಕಂಡಲ್ಲೆಲ್ಲ ಯೂರೋಪಿನವನ ಹೆಜ್ಜೆ ಹುಡುಕಹೊರಟರೆ ಮೋಸಹೋಗುತ್ತೇವೆ. ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಲ್ಲಿ ಕಡುಗಪ್ಪು ಮೈಯ, ಹೊಂಬಣ್ಣದ ಕೂದಲಿನ ಮಕ್ಕಳಿದ್ದಾರೆ. ವ್ಯಾಪಾರಿ ಹಡಗುಗಳವರ ಕುರುಹು ಇರಬೇಕೆಂದು ಹೊರಗಿನವರು ಊಹಿಸಿದ್ದುಂಟು. 2012ರಲ್ಲಿ ಹೊರಬಂದ ಅಧ್ಯಯನ ಅದನ್ನು ತಳ್ಳಿಹಾಕಿತು. ಟಿವೈಆರ್‌ಪಿ1 ಎಂಬ ಜೀನಿನ ಒಂದು ಬದಲಾವಣೆ ಅದಕ್ಕೆ ಕಾರಣ. ಆ ಬದಲಾವಣೆ ಯೂರೋಪಿನವರಲ್ಲಿ ಇಲ್ಲ. ಅದು ಆ ಭಾಗದಲ್ಲೇ ಹುಟ್ಟಿದ್ದು.

ಮೂಲ ಒಂದು ಕಡೆ, ಮುಖ ಇನ್ನೊಂದು ಕಡೆ ಎಳೆಯುವುದಕ್ಕೆ ಲ್ಯಾಟಿನ್ ಅಮೆರಿಕದಲ್ಲಿ ದೊಡ್ಡ ಸಾಕ್ಷಿ ಸಿಕ್ಕಿದೆ. ಬ್ರೆಜಿಲ್, ಚಿಲಿ, ಕೊಲಂಬಿಯಾ, ಮೆಕ್ಸಿಕೊ, ಪೆರು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಆಂಡ್ರೆಸ್ ರೂಯಿಸ್-ಲಿನಾರೆಸ್ ನೇತೃತ್ವದ ತಂಡ ಅಧ್ಯಯನ ಮಾಡಿತು. ನಿಮ್ಮಲ್ಲಿ ಯೂರೋಪಿನ ಅಂಶ ಎಷ್ಟು, ಆಫ್ರಿಕಾದ್ದೆಷ್ಟು, ಮೂಲನಿವಾಸಿಗಳದ್ದೆಷ್ಟು ಎಂದು ಅವರನ್ನೇ ಕೇಳಿ, ಉತ್ತರವನ್ನು ಡಿಎನ್‌ಎ ಜೊತೆ ಇಟ್ಟು ನೋಡಿತು. ತಿಳಿ ಮೈಯವರು ತಮ್ಮಲ್ಲಿನ ಯೂರೋಪನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ಹೇಳಿಕೊಂಡಿದ್ದರು. ಕಪ್ಪು ಮೈಯವರು ಉಳಿದೆರಡನ್ನು. ಕನ್ನಡಿ ತೋರಿಸಿದ್ದನ್ನೇ ಅವರು ವಂಶವೃಕ್ಷವೆಂದು ಓದಿಕೊಂಡಿದ್ದರು. ಅದೇ ತಂಡ 2016ರಲ್ಲಿ ಕೂದಲಿನ ಜೀನುಗಳನ್ನು ಬಿಡಿಸಿತು. ಪೂರ್ವ ಏಷ್ಯಾದವರಲ್ಲೂ ಅಮೆರಿಕದ ಮೂಲನಿವಾಸಿಗಳಲ್ಲೂ ಹೇರಳವಾದ ಇಡಿಎಆರ್ ಜೀನಿನ ಒಂದು ರೂಪ ಕೂದಲನ್ನು ನೇರವಾಗಿಸುತ್ತದೆ. ಬಣ್ಣದ ಜೀನುಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಅಪ್ಪನ ಬಣ್ಣಕ್ಕೆ ಅಮ್ಮನ ಕೂದಲು ಜೊತೆಯಾಗುವುದೂ, ಅದಲುಬದಲಾಗುವುದೂ ಉಂಟು.

*

ಹೀಗೆ ಖಂಡಗಳು ಕೂಡಿದ ಕಥೆ ಉತ್ತರ ಕನ್ನಡದ ಕಾಡಂಚಿನಲ್ಲೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಗೋವಾದ ಪೋರ್ಚುಗೀಸರ ಬಳಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಈ ಕಾಡು ಸೇರಿದವರೂ ಅವರಲ್ಲಿದ್ದರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್ ಮತ್ತು ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಡಿಎನ್‌ಎಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಫ್ರಿಕಾದ್ದು, ಉಳಿದುದರಲ್ಲಿ ಬಹುಪಾಲು ಇಲ್ಲಿಯದು ಎಂದು ತೋರಿಸಿತು. ಈ ಬೆರೆಯುವಿಕೆ ನಡೆದು ಸುಮಾರು ಎಂಟು ತಲೆಮಾರು, ಎಂದರೆ ಇನ್ನೂರು ವರ್ಷ. ಕೊಂಕಣಿ, ಕನ್ನಡ ಆಡುವ ಸಿದ್ದಿ ಮನೆಗಳಲ್ಲಿ ಗುಂಗುರು ಕೂದಲು ಈಗಲೂ ಎದ್ದು ಕಾಣುತ್ತದೆ.

ಸಿದ್ದಿಯರನ್ನು ನೋಡಿ 'ಬೆರಕೆ' ಎನ್ನಲು ಬಾಯಿ ತೆರೆಯುವವರ ಕಥೆಯೂ ಬೇರೆಯಲ್ಲ. ಇಂದಿನ ಭಾರತೀಯರಲ್ಲಿ ಬಹುತೇಕ ಎಲ್ಲರೂ ಎರಡು ಪ್ರಾಚೀನ ಜನಸಮೂಹಗಳ ಮಿಶ್ರಣ ಎಂದು ಸಿಸಿಎಂಬಿ ಹಾಗೂ ಹಾರ್ವರ್ಡ್‌ನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. 2013ರಲ್ಲಿ ಆ ಮಿಶ್ರಣದ ಕಾಲವನ್ನೂ ಲೆಕ್ಕ ಹಾಕಿದರು: 1,900ರಿಂದ 4,200 ವರ್ಷಗಳ ಹಿಂದೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, ಭಾರತದಲ್ಲಿರುವ ಎಸ್‌ಎಲ್‌ಸಿ24ಎ5ರ ತಿಳಿ ಬಣ್ಣದ ರೂಪವೂ ಯೂರೋಪಿನದೂ ಒಂದೇ ಮೂಲದ್ದು, ಅದಕ್ಕೆ 22,000ದಿಂದ 28,000 ವರ್ಷ ವಯಸ್ಸು ಎಂದು ಹೇಳಿತು. ಆ ಕವಡೆ ದಕ್ಷಿಣದಲ್ಲೂ ಇದೆ, ಉತ್ತರದಲ್ಲೂ ಇದೆ. ಸಮುದಾಯದಿಂದ ಸಮುದಾಯಕ್ಕೆ ಅದರ ಪ್ರಮಾಣ ಬೇರೆ. ಅಪ್ಪ-ಅಮ್ಮನ ಬಳಿ ಎರಡೂ ಬಗೆಯ ಕವಡೆ ಇದ್ದರೆ ಎಣ್ಣೆಗೆಂಪು ಅಕ್ಕನ ಬೆನ್ನಿಗೆ ಕಪ್ಪು ತಮ್ಮ ಹುಟ್ಟುವುದುಂಟು.

ಮಗು ಬೆಳ್ಳಗಾಗಲೆಂದು ಬಸುರಿಗೆ ಕೇಸರಿ ಹಾಲು ಕುಡಿಸಿದರೆ ಇದೇನೂ ಬದಲಾಗದು. ಗರ್ಭ ನಿಂತ ಕ್ಷಣಕ್ಕೇ ಕವಡೆ ನೆಲಕ್ಕೆ ಬಿದ್ದಾಗಿರುತ್ತದೆ. ಆದರೆ ಬಾಣಂತಿಯ ಪಕ್ಕ ಕೂತು ಕೂಸಿನ ಕಿವಿಯಂಚನ್ನು ಮಡಚಿ ನೋಡುವ ಅಜ್ಜಿಯನ್ನು ನೋಡಿ ನಗಬೇಕಿಲ್ಲ. ಹುಟ್ಟಿದಾಗ ಮೆಲನಿನ್ ತಯಾರಿಕೆ ಪೂರ್ಣ ವೇಗಕ್ಕೆ ಬಂದಿರುವುದಿಲ್ಲ. ಕೂಸು ಕೆಂಪಗೆ ಕಂಡರೂ ವಾರಗಳು, ತಿಂಗಳುಗಳು ಕಳೆದಂತೆ ನಿಜವಾದ ಬಣ್ಣ ಏರುತ್ತದೆ. ಕಿವಿಯಂಚು, ಉಗುರಿನ ಬುಡದಲ್ಲಿ ಅದರ ಸುಳಿವು ಮೊದಲೇ ಸಿಗಬಹುದು. ಬೆನ್ನಿನ ಕೆಳಗೆ ಕಾಣುವ ನೀಲಿ ಮಚ್ಚೆ ಕೂಡ ಮೆಲನಿನ್ನಿನದೇ, ಚರ್ಮದ ಆಳದಲ್ಲಿ ಸಿಕ್ಕಿಕೊಂಡದ್ದು. ಏಷ್ಯಾ, ಆಫ್ರಿಕಾ ಮೂಲದ ಕೂಸುಗಳಲ್ಲಿ ಬಹಳ ಸಾಮಾನ್ಯ, ಕೆಲವು ವರ್ಷಗಳಲ್ಲಿ ಮಾಯವಾಗುತ್ತದೆ. ತಿಳಿಗಣ್ಣಿನ ಕೂಸಾದರೆ ಕಣ್ಣಿನ ಬಣ್ಣ ನಿಲ್ಲಲು ಒಂದು ವರ್ಷವಾದರೂ ಬೇಕು. ಕೂದಲು ನೇರವೋ ಗುಂಗುರೋ ಎಂಬುದು ಹುಟ್ಟುಗೂದಲನ್ನು ನೋಡಿದರೆ ಗೊತ್ತಾಗದು. ಅದಕ್ಕೆ ಜವಳ ತೆಗೆಸಿ, ಹೊಸ ಕೂದಲು ಬೆರಳಿಗೆ ಸಿಗುವಷ್ಟು ಬೆಳೆಯುವವರೆಗೆ ಕಾಯಬೇಕು.